ದೇವರ ಕರೆಯೂ ನಮ್ಮ ಸಂಶಯವೂ



ಈ ಗುಡ್ಡದ ಮೆಟ್ಟಿಲು ಹತ್ತಿ ಬರುವವರು ಕೈಯಲ್ಲಿ ಒಂದು ಮೇಣದ ಬತ್ತಿ ಹಿಡಿದುಕೊಂಡು ಬರುತ್ತಾರೆ, ಎದೆಯೊಳಗೆ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಮೇಣದ ಬತ್ತಿ ಎಲ್ಲರಿಗೂ ಕಾಣುತ್ತದೆ, ಪ್ರಶ್ನೆ ಕಾಣುವುದಿಲ್ಲ. ಕೋರಿಕೆ ಪೆಟ್ಟಿಗೆಯಲ್ಲಿ ಬೀಳುವ ಚೀಟಿಗಳಲ್ಲಿ ಹೆಚ್ಚಿನವು ನೇರವಾದವು. ಕಾಯಿಲೆ ಗುಣವಾಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ, ಬ್ಯಾಂಕಿನ ಸಾಲ ತೀರಲಿ, ಮಗನಿಗೆ ವೀಸಾ ಸಿಗಲಿ ಅಂತ ಬರೆದಿರುತ್ತಾರೆ. ಕೆಳಗೆ ಹೆಸರು, ಊರು, ಧರ್ಮಕೇಂದ್ರ ಎಲ್ಲ ಉಂಟು. ಆದರೆ ನಡುನಡುವೆ ಹೆಸರಿಲ್ಲದ ಚೀಟಿಗಳೂ ಬೀಳುತ್ತವೆ. ಅವುಗಳಲ್ಲಿ ಬೇಡಿಕೆಯೇ ಇರುವುದಿಲ್ಲ. ದೇವರು ಕರೆದದ್ದು ಹೌದೋ ಅಲ್ಲವೋ, ಈ ದಾರಿಯಲ್ಲಿ ಹೋಗಬೇಕೋ ಬಿಡಬೇಕೋ, ಒಂದೂ ತಿಳಿಯುವುದಿಲ್ಲ ಅಂತ ಇಷ್ಟೇ ಬರೆದಿರುತ್ತದೆ. ಈ ಪುಟಗಳು ಮುಖ್ಯವಾಗಿ ಅಂಥ ಚೀಟಿ ಬರೆದವರಿಗಾಗಿ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗ ಸೆಮಿನರಿಯಲ್ಲಿ ನಾಲ್ಕು ವರ್ಷ ಇದ್ದು ರಜೆಗೆ ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ತಪ್ಪು ಮಾಡಿ ಹೊರಗೆ ಬಿದ್ದದ್ದಲ್ಲ, ಓದು ಬರದೆ ಬಿಟ್ಟದ್ದೂ ಅಲ್ಲ. ದೇವರು ತನ್ನನ್ನು ಕರೆದದ್ದೋ, ಇಲ್ಲ ಮನೆಯವರ ಆಸೆಯನ್ನೇ ತಾನು ದೇವರ ಕರೆ ಅಂದುಕೊಂಡದ್ದೋ ಅಂತ ಅವನಿಗೆ ತಿಳಿಯದೆ ಹೋಯಿತು. ಊರಿನಲ್ಲಿ ಜನ ಕೇಳುತ್ತಾರೆ, ಆ ತಾಯಿಗೆ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲಲ್ಲಿ ನಿಲ್ಲಲಿಕ್ಕೇ ಸಂಕೋಚ. ಪಾಪನಿವೇದನೆಯ ಪೀಠದ ಹತ್ತಿರ ನಿಂತು ಅವಳು ಗುರುಗಳಿಗೆ, ಸ್ವಾಮಿ, ನೀವೇ ಇವನಿಗೆ ಬುದ್ಧಿ ಹೇಳಿ ಅಂದಳು. ಹುಡುಗ ತಲೆ ಎತ್ತಲಿಲ್ಲ. ಗುರುಗಳು ಬುದ್ಧಿ ಹೇಳಲಿಲ್ಲ. ಇಬ್ಬರನ್ನೂ ಮರದಡಿಯ ಕಟ್ಟೆಯಲ್ಲಿ ಕೂರಿಸಿ ಸಂತ ಜೋಸೆಫ್ ವಾಜರ ಕಥೆ ಹೇಳಿದರು. ಅದೇ ಕಥೆ ಇಲ್ಲಿಯೂ ಬರುತ್ತದೆ. ನಮ್ಮ ಕರಾವಳಿಯ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದ ಸಂತರಾದುದರಿಂದ ಅವರನ್ನು ಬೇರೆ ದೇಶದವರು ಅಂತ ದೂರ ಇಡುವ ಹಾಗಿಲ್ಲ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ, ತಾಯಿಯ ತವರೂರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆ ಆಯಿತು. ಆಗ ಅವರಿಗೆ 25 ವರ್ಷ. ಆ ಕಾಲದಲ್ಲಿ ಗೋವಾಕ್ಕೆ ಸಿಂಹಳದಿಂದ, ಅಂದರೆ ಇವತ್ತಿನ ಶ್ರೀಲಂಕಾದಿಂದ, ಬರುತ್ತಿದ್ದ ಸುದ್ದಿ ಒಳ್ಳೆಯದಾಗಿರಲಿಲ್ಲ. 1658ರಲ್ಲಿ ಡಚ್ಚರು ಜಾಫ್ನಾವನ್ನು ಪೋರ್ಚುಗೀಸರಿಂದ ಗೆದ್ದುಕೊಂಡರು. ಕಥೋಲಿಕ ಗುರುಗಳನ್ನು ಹೊರಗಟ್ಟಿದರು, ಬಲಿಪೂಜೆಯನ್ನು ನಿಷೇಧಿಸಿದರು. ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಸಾಯುವವರಿಗೆ ಅಂತಿಮ ಅಭ್ಯಂಗ ಇಲ್ಲ. ಒಂದು ತಲೆಮಾರು ಹಾಗೆಯೇ ಬೆಳೆದುಬಿಟ್ಟಿತು. ಇದನ್ನು ಕೇಳಿ ಯುವಕ ಜೋಸೆಫರ ಮನಸ್ಸಿನಲ್ಲಿ, ನಾನು ಅಲ್ಲಿಗೆ ಹೋಗಬೇಕು ಅಂತ ಹತ್ತಿಕೊಂಡಿತು.

ಇಲ್ಲಿಯವರೆಗೆ ಎಲ್ಲ ಸಂತರ ಕಥೆಯ ಹಾಗೆಯೇ ಇದೆ. ಇನ್ನು ಮುಂದೆ ಬಿಗಿಯುತ್ತದೆ.

ಅವರು ತಮ್ಮ ಇಚ್ಛೆಯನ್ನು ಗೋವಾದ ಧರ್ಮಸಭೆಯ ಅಧಿಕಾರಿಗಳ ಮುಂದೆ ಇಟ್ಟರು. ಅಧಿಕಾರಿಗಳು ಸಿಂಹಳಕ್ಕೆ ಕಳಿಸಲಿಲ್ಲ, 1681ರಲ್ಲಿ ಕೆನರಾಕ್ಕೆ ಕಳಿಸಿದರು. ಮಂಗಳೂರು, ಬಸ್ರೂರು, ಬಾರ್ಕೂರು, ಕುಂದಾಪುರ, ಗಂಗೊಳ್ಳಿ. ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ದೇವರು ದಕ್ಷಿಣದ ದ್ವೀಪಕ್ಕೆ ಕರೆದಿದ್ದಾರೆ ಅಂತ ಒಳಗಿನ ಮನಸ್ಸು ಹೇಳುತ್ತದೆ, ದೇವರ ಸ್ಥಾನದಲ್ಲಿ ಕೂತವರು ಇಲ್ಲಿಗೆ ಹೋಗು ಅನ್ನುತ್ತಾರೆ. ಇದರಲ್ಲಿ ಯಾವುದು ಕರೆ? ಸೆಮಿನರಿಯ ಹುಡುಗನನ್ನು ಕಾಡಿದ ಪ್ರಶ್ನೆಯೂ ಇದಕ್ಕೆ ದೂರವಾದದ್ದಲ್ಲ.

ಜೋಸೆಫರು ಬಂದರು. ಬಂದು ಮನಸ್ಸಿಲ್ಲದ ಮನಸ್ಸಿನಿಂದ ದಿನ ದೂಡಲಿಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆದು ಬಿದ್ದುಹೋದ ಇಗರ್ಜಿಗಳನ್ನು ಎತ್ತಿಸಿದರು, ಮಕ್ಕಳಿಗೆ ಓದು ಕಲಿಸುವ ವ್ಯವಸ್ಥೆ ಮಾಡಿದರು. ಮುಡಿಪಿನ ಗುಡ್ಡದ ಒರತೆಗಳ ಬಗ್ಗೆ ಆ ಕಡೆಯ ಹಿರಿಯರು ಹೇಳುವ ಕಥೆ ಈ ವರ್ಷಗಳದ್ದೇ. ಕೇಡು ಬಗೆದವರು ರಾತ್ರಿ ಹೊತ್ತು ರೋಗಿಯ ನೆಪ ಹೇಳಿ ಅವರನ್ನು ಗುಡ್ಡಕ್ಕೆ ಕರೆಸಿದರು, ಅವರು ಮೊಣಕಾಲೂರಿದ ಜಾಗದಲ್ಲಿ ನೀರು ಬಂತು ಅನ್ನುತ್ತಾರೆ. ಅಲ್ಲಿಗೆ ಹೋಗಿ ಬಂದ ಯಾತ್ರಾರ್ಥಿಗಳು ನಿಮ್ಮಲ್ಲಿಯೂ ಇರಬಹುದು.

ಆದರೆ ಕೆನರಾದಲ್ಲಿ ಅವರಿಗೆ ಎದುರಾದ ದೊಡ್ಡ ಸಂಕಟ ಶತ್ರುಗಳದ್ದಲ್ಲ, ನಮ್ಮವರದ್ದೇ. ಪೋರ್ಚುಗಲ್ ರಾಜನಿಗೆ ಸಿಕ್ಕಿದ್ದ ಹಕ್ಕಿನ ಪ್ರಕಾರ ಈ ಸೀಮೆಯ ಕ್ರೈಸ್ತರು ಗೋವಾದ ಮಹಾಧರ್ಮಾಧ್ಯಕ್ಷರ ಕೈಕೆಳಗೆ ಅಂತ ಒಂದು ಕಡೆಯವರು. ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರೇ ಇಲ್ಲಿಗೆ ಅಧಿಕಾರಿ ಅಂತ ಇನ್ನೊಂದು ಕಡೆಯವರು. ಗೋವಾದ ಗುರುಗಳ ಹತ್ತಿರ ಪಾಪನಿವೇದನೆ ಮಾಡಿದರೆ ಅದು ಸಲ್ಲುತ್ತದೋ ಇಲ್ಲವೋ ಅಂತ ಬಡ ಜನ ಹೆದರುವ ಹಾಗಾಯಿತು. ಗೋವಾದಿಂದ ಬಂದ ಜೋಸೆಫರು ಇದರ ನಡುವೆ ಸಿಕ್ಕಿಹಾಕಿಕೊಂಡರು. ತಮ್ಮನ್ನು ಕಳಿಸಿದವರ ಮಾತು ಮೀರಲಿಲ್ಲ, ಎದುರು ಕಡೆಯ ಧರ್ಮಾಧ್ಯಕ್ಷರಿಗೆ ಗೌರವ ಕೊಡುವುದನ್ನೂ ಬಿಡಲಿಲ್ಲ. ಜಗಳ ತೀರಲಿಲ್ಲ. ಮೂರು ವರ್ಷ ದುಡಿದು 1684ರಲ್ಲಿ ಗೋವಾಕ್ಕೆ ಹಿಂತಿರುಗಿದರು.

ಲೋಕದ ಲೆಕ್ಕದಲ್ಲಿ ಇದು ಸೋಲು. ಸಿಂಹಳಕ್ಕೆ ಹೋಗಬೇಕು ಅಂದವರು ಹೋಗಲಿಲ್ಲ, ಕೆನರಾಕ್ಕೆ ಬಂದವರು ಅಲ್ಲಿನ ಜಗಳ ಬಿಡಿಸಲಾಗದೆ ವಾಪಸ್ಸು ಹೋದರು. ಆಗ ವಯಸ್ಸು 33. ನಮ್ಮ ಕಡೆ ಆಗಿದ್ದರೆ, ಪಾಪ, ಇವರಿಗೆ ಕರೆಯೇ ಇರಲಿಲ್ಲ ಕಾಣುತ್ತದೆ ಅಂತ ನಾಲ್ಕು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರು ಆಗಲೂ ಇದ್ದಿರಬೇಕು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕಾಗುತ್ತದೆ. ದೇವರ ಚಿತ್ತ ತಿಳಿಯಲಿಕ್ಕೆ ಅಂತ ಕೆಲವು ಯಾತ್ರಾರ್ಥಿಗಳು ಎರಡು ಚೀಟಿ ಬರೆದು ಸ್ವರೂಪದ ಮುಂದೆ ಇಟ್ಟು ಚಿಕ್ಕ ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತಾರೆ. ಇನ್ನು ಕೆಲವರು ಕಣ್ಣು ಮುಚ್ಚಿ ಶ್ರೀಗ್ರಂಥ ತೆರೆದು ಬೆರಳು ಇಟ್ಟ ವಾಕ್ಯವೇ ಉತ್ತರ ಅನ್ನುತ್ತಾರೆ. ಮೇಣದ ಬತ್ತಿ ಆರಿದರೆ ಬೇಡ, ಉರಿದರೆ ಹೌದು ಅನ್ನುವವರೂ ಉಂಟು. ಗುಡ್ಡದ ಮೇಲೆ ಗಾಳಿ ಜೋರು, ಮೇಣದ ಬತ್ತಿ ಆರಿಯೇ ಆರುತ್ತದೆ. ಅದಕ್ಕೆ ದೇವರನ್ನು ಹೊಣೆ ಮಾಡುವುದು ಸರಿಯಲ್ಲ.

ಹೀಗೆ ಮಾಡುವವರು ಗಿದ್ಯೋನನ ಹೆಸರು ಎತ್ತುತ್ತಾರೆ. ನ್ಯಾಯಸ್ಥಾಪಕರ ಪುಸ್ತಕದ 6ನೆಯ ಅಧ್ಯಾಯದಲ್ಲಿ ಅವನು ಕಣದಲ್ಲಿ ಕುರಿಯ ತುಪ್ಪಟ ಹಾಸಿ ದೇವರಿಂದ ಗುರುತು ಕೇಳಿದ್ದು ನಿಜ. ದೇವರು ಕೊಟ್ಟದ್ದೂ ನಿಜ. ಆದರೆ ಮೊದಲ ದಿನ ತುಪ್ಪಟ ಒದ್ದೆಯಾಗಿ ನೆಲ ಒಣಗಿದ್ದಾಗ ಗಿದ್ಯೋನನ ಸಂಶಯ ತೀರಿತೇ? ಇಲ್ಲ. ಮಾರನೆಯ ದಿನ ನೆಲ ಒದ್ದೆಯಾಗಲಿ, ತುಪ್ಪಟ ಒಣಗಿರಲಿ ಅಂತ ಮತ್ತೊಂದು ಕೇಳಿದ. ಗುರುತಿನ ಹಿಂದೆ ಹೋಗುವವನಿಗೆ ಒಂದು ಗುರುತು ಎಂದೂ ಸಾಕಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಅಧ್ಯಾಯದಲ್ಲಿ ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಗುರುತು ಸಿಕ್ಕಿದ ಮೇಲೆ ಗಿದ್ಯೋನನ ಕೆಲಸ ಸುಲಭವಾಗಲಿಲ್ಲ. ಅವನ ಹತ್ತಿರ 32,000 ಜನ ಇದ್ದರು. ಹೆದರಿದವರು ಮನೆಗೆ ಹೋಗಲಿ ಅಂತ ದೇವರು ಹೇಳಿದಾಗ 22,000 ಜನ ಎದ್ದು ಹೋದರು. ಉಳಿದ 10,000ದಲ್ಲಿ ದೇವರು ಮತ್ತೆ ಆರಿಸಿ 300 ಜನರನ್ನು ಮಾತ್ರ ಬಿಟ್ಟರು. ಗುರುತು ಕೊಟ್ಟವರೇ ಬಲವನ್ನು ಕಡಿಮೆ ಮಾಡಿದರು!

ಜೋಸೆಫ್ ವಾಜರಿಗೆ ತುಪ್ಪಟವೂ ಇರಲಿಲ್ಲ. ಗೋವಾಕ್ಕೆ ಬಂದ ಮೇಲೆ ಅವರು 1685ರಲ್ಲಿ ಹಳೆ ಗೋವಾದ ಗುಡ್ಡದ ಮೇಲಿನ ಪವಾಡ ಶಿಲುಬೆಯ ಇಗರ್ಜಿಯ ಬಳಿ ಒಟ್ಟಾಗಿ ವಾಸಿಸುತ್ತಿದ್ದ ಗೋವಾದ ಕೆಲವು ಗುರುಗಳ ಜೊತೆ ಸೇರಿಕೊಂಡರು. ಸ್ವಲ್ಪ ಸಮಯದಲ್ಲೇ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ಪದ್ಧತಿಯಂತೆ ಆ ಗುಂಪು ಒಂದು ಧಾರ್ಮಿಕ ಸಂಸ್ಥೆಯಾಯಿತು. ಈಗ ನೋಡಿ, ಮನೆ ಸಿಕ್ಕಿತು, ಸಹೋದರರು ಸಿಕ್ಕಿದರು, ಗೌರವ ಸಿಕ್ಕಿತು. ಇಲ್ಲಿಯೇ ಇರು, ಇದೇ ನಿನ್ನ ಕರೆ ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ಸಿಂಹಳದ ನೆನಪು ಹೋಗಲಿಲ್ಲ. ಕೆನರಾದ ಕೆಲಸ, ಸೋಲು, ಗೌರವ, ಇದರ ಯಾವುದರಿಂದಲೂ ಅದು ಆರಲಿಲ್ಲ.

ದೇವರ ಕರೆಯನ್ನು ನಮ್ಮ ಚಪಲದಿಂದ ಬೇರೆ ಮಾಡಿ ಗುರುತಿಸಲಿಕ್ಕೆ ಹಿರಿಯ ಗುರುಗಳು ಹೇಳುವ ಒಂದು ಉಪಾಯ ಇದೇ. ಚಪಲವನ್ನು ಕಾಯಿಸಿದರೆ ಸಾಯುತ್ತದೆ, ಕರೆಯನ್ನು ಕಾಯಿಸಿದರೆ ಬಲಿಯುತ್ತದೆ. ಆಸೆ ಹುಟ್ಟಿದ ಮೇಲೆ ವರ್ಷಗಟ್ಟಲೆ ಕಾಯಿಸಿ, ಬೇರೆ ಕೆಲಸ ಮಾಡಿಸಿ, ಒಂದು ಸಲ ಸೋಲಿಸಿ, ಇನ್ನೊಂದು ಸಲ ಗೆಲ್ಲಿಸಿ ನೋಡಿದರೂ ಜೋಸೆಫರ ಒಳಗೆ ಅದು ಹಾಗೆಯೇ ಇತ್ತು. ಅದಕ್ಕೇ 1686ರಲ್ಲಿ ಹೊರಟುಬಿಟ್ಟರು. ಕೊನೆಯವರೆಗೆ ಅವರ ಜೊತೆಯಲ್ಲಿ ಹೋದದ್ದು ಜಾನ್ ಎಂಬ ಸೇವಕ ಹುಡುಗ ಒಬ್ಬನೇ. ಆ ಹುಡುಗನ ಬಗ್ಗೆ ಪುಸ್ತಕಗಳಲ್ಲಿ ಬರೆದದ್ದು ಕಡಿಮೆ. ಸಂತರ ಪಟ್ಟಿಯಲ್ಲಿ ಅವನ ಹೆಸರು ಇಲ್ಲ. ಅವನಿಗೂ ಒಂದು ಕರೆ ಇತ್ತು ಅನ್ನುವುದನ್ನು ಮಾತ್ರ ಮರೆಯುವ ಹಾಗಿಲ್ಲ.

ಕರಾವಳಿ ಹಿಡಿದು ದಕ್ಷಿಣಕ್ಕೆ ಹೋಗಿ ತೂತುಕುಡಿ ಸೇರಿದರು, ಅಲ್ಲಿಂದ ದೋಣಿಯಲ್ಲಿ 1687ರಲ್ಲಿ ಸಿಂಹಳಕ್ಕೆ ಹೋದರು. ಡಚ್ಚರ ಕಣ್ಣು ತಪ್ಪಿಸಬೇಕಾದುದರಿಂದ ಗುರುವಿನ ನಿಲುವಂಗಿ ತೆಗೆದಿಟ್ಟು ಕೂಲಿಯವನ ವೇಷ ಹಾಕಿದ್ದರು. ಇಷ್ಟು ವರ್ಷ ಕಾದು ಕೊನೆಗೂ ದೇವರು ಕರೆದ ಜಾಗಕ್ಕೆ ಬಂದಾಯಿತಲ್ಲ, ಇನ್ನು ದೇವರು ಸ್ವಾಗತ ಮಾಡಬೇಕು ಅಲ್ಲವಾ? ಆದದ್ದು ಬೇರೆ. ಇಬ್ಬರಿಗೂ ರಕ್ತಬೇಧಿ ಹಿಡಿಯಿತು. ಎದ್ದು ನಿಲ್ಲುವ ಶಕ್ತಿ ಇಲ್ಲ, ಗುರುತಿನವರು ಯಾರೂ ಇಲ್ಲ, ಯಾರನ್ನಾದರೂ ಕೇಳಿದರೆ ಡಚ್ಚರಿಗೆ ಹಿಡಿದುಕೊಟ್ಟಾರು ಅನ್ನುವ ಭಯ. ಒಬ್ಬ ಹೆಂಗಸು ದಿನವೂ ತಂದುಕೊಟ್ಟ ಗಂಜಿಯಿಂದ ಬದುಕಿಕೊಂಡರು ಅಂತ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ದೇವರು ಆ ದಿನಗಳಲ್ಲಿ ಕೊಟ್ಟ ಉತ್ತರ ಅಷ್ಟೇ, ಒಂದು ಪಾತ್ರೆ ಗಂಜಿ.

ಆರೋಗ್ಯ ಬಂದ ಮೇಲೆ ಇನ್ನೊಂದು ತೊಂದರೆ. ಕಥೋಲಿಕರು ಎಲ್ಲಿದ್ದಾರೆ ಅಂತ ತಿಳಿಯುವುದು ಹೇಗೆ? ಅವರೆಲ್ಲ ಹೆದರಿ ಮುಚ್ಚಿಕೊಂಡು ಇದ್ದರು. ಜೋಸೆಫರು ಕೊರಳಿಗೆ ದೊಡ್ಡ ಜಪಸರ ಹಾಕಿಕೊಂಡು ಭಿಕ್ಷುಕನ ಹಾಗೆ ಮನೆಮನೆ ಬಾಗಿಲಿಗೆ ಹೋದರು. ಭಿಕ್ಷೆ ಹಾಕುವವರ ಕಣ್ಣು ಅಕ್ಕಿಯ ಮೇಲಿರುತ್ತದೋ ಜಪಸರದ ಮೇಲೆ ನಿಲ್ಲುತ್ತದೋ ಅಂತ ನೋಡುತ್ತಾ ಹೋದರು. ಕೊನೆಗೆ ಒಂದು ಮನೆಯವರು ಗುರುತು ಹಿಡಿದರು. ಹಾಗೆ ಒಂದೊಂದೇ ಮನೆ ತೆರೆಯಿತು. ರಾತ್ರಿಯ ಹೊತ್ತು ಬಲಿಪೂಜೆ, ಬೆಳಗಾಗುವ ಮೊದಲು ಬೇರೆ ಊರಿಗೆ. ಜಾಫ್ನಾದ ಬಳಿಯ ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ಆಸರೆ ಆಯಿತು. ಸುಮಾರು 30 ವರ್ಷ ಗುರುವಿನ ಮುಖ ನೋಡದೆ ಇದ್ದ ಮುದುಕರು ಅವರ ಕೈಯಿಂದ ಪರಮಪ್ರಸಾದ ತೆಗೆದುಕೊಂಡ ಹೊತ್ತು ಹೇಗಿದ್ದಿರಬೇಕು! ಆ ಮುದುಕರೂ ಈ 30 ವರ್ಷ, ದೇವರು ನಮ್ಮನ್ನು ಮರೆತರೋ ಅಂತ ಸಂಶಯಪಟ್ಟವರೇ. ಆದರೂ ಜಪಸರ ಬಿಸಾಡಲಿಲ್ಲ, ಎಲ್ಲೋ ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡಿದ್ದರು. ಅವರು ಬಿಸಾಡಿದ್ದರೆ ಜೋಸೆಫರ ಕೊರಳಿನದ್ದನ್ನು ಗುರುತಿಸುವವರು ಯಾರಿರುತ್ತಿದ್ದರು?

ಇನ್ನು ಕ್ಯಾಂಡಿಯ ಕಥೆ. ಡಚ್ಚರ ಕಾಟ ಹೆಚ್ಚಾದಾಗ ದ್ವೀಪದ ಒಳಗಿನ ಕ್ಯಾಂಡಿ ರಾಜ್ಯಕ್ಕೆ ಹೋಗುವುದೆಂದು ಮಾಡಿದರು. ರಾಜ ಎರಡನೆಯ ವಿಮಲಧರ್ಮಸೂರಿಯ ಬೌದ್ಧರಾದರೂ ಡಚ್ಚರ ಕೈಕೆಳಗಿನವರಲ್ಲ. 1692ರಲ್ಲಿ ಅಲ್ಲಿಗೆ ಬಂದಾಗ, ಇವನು ಪೋರ್ಚುಗೀಸರ ಗೂಢಚಾರ ಅಂತ ಯಾರೋ ರಾಜನ ಕಿವಿಯಲ್ಲಿ ಹಾಕಿದರು. ಹಿಡಿದು ಸೆರೆಯಲ್ಲಿಟ್ಟರು. ಡಚ್ಚರಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿಯೂ ಸೆರೆ. ಅವರು ಆ ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು, ಕಾವಲುಗಾರರು ಸ್ವಲ್ಪ ಸಡಿಲ ಬಿಟ್ಟಾಗ ಅದೇ ಆವರಣದಲ್ಲಿ ಪೂಜೆಗೆ ಒಂದು ಗುಡಿಸಲು ಮಾಡಿಕೊಂಡರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದ ಸಂಗತಿ ಭಕ್ತರಿಗೆಲ್ಲ ಗೊತ್ತಿರುವುದೇ. ಆ ಮೇಲೆ ರಾಜನ ಮನಸ್ಸು ತಿರುಗಿ ಅವರಿಗೆ ಓಡಾಡಲು ಅನುಮತಿ ಸಿಕ್ಕಿತು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಾಗ ಜನ ಊರು ಬಿಟ್ಟು ಓಡಿದರು, ರೋಗಿಗಳನ್ನು ಕಾಡಿಗೆ ಹಾಕಿದರು. ಜೋಸೆಫರು ಜಾತಿ ಧರ್ಮ ನೋಡದೆ ಅವರನ್ನು ನೋಡಿಕೊಂಡರು, ಸತ್ತವರನ್ನು ತಾವೇ ಹೂಳಿದರು.

ಸಾಧಾರಣವಾಗಿ ಪ್ರಸಂಗಗಳಲ್ಲಿ ಮಳೆಯನ್ನೂ ಸಿಡುಬನ್ನೂ ಹೇಳಿ ಮುಗಿಸುತ್ತಾರೆ. ಆದರೆ ಗುರುಗಳು ಆ ತಾಯಿ ಮಗನಿಗೆ ಒತ್ತಿ ಹೇಳಿದ್ದು ಬೇರೆ ಸಂಗತಿ. 1687ರಲ್ಲಿ ಇಳಿದಂದಿನಿಂದ ಗೋವಾದಿಂದ ಬೇರೆ ಗುರುಗಳು ಬಂದು ಸೇರುವವರೆಗೆ ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಕಥೋಲಿಕ ಗುರು. ಸಾವಿರಾರು ಜನರ ಪಾಪನಿವೇದನೆ ಕೇಳಿದವರಿಗೆ ತಮ್ಮ ಪಾಪನಿವೇದನೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸಂಶಯ ಬಂದರೆ ಕೇಳಲಿಕ್ಕೆ ಹಿರಿಯರಿಲ್ಲ. ನೀನು ಮಾಡಿದ್ದು ಸರಿ ಅಂತ ಬೆನ್ನು ತಟ್ಟುವವರಿಲ್ಲ. ನಾವಾದರೆ ಒಂದು ವಾರ ದೇವರಿಂದ ಉತ್ತರ ಬರದಿದ್ದರೆ ನೊವೆನಾ ಬದಲಾಯಿಸುತ್ತೇವೆ, ಇನ್ನೊಂದು ಪುಣ್ಯಕ್ಷೇತ್ರಕ್ಕೆ ಬಸ್ಸು ಹತ್ತುತ್ತೇವೆ.

ಸೆರೆಮನೆಯ ಸಂಶಯ ಅಂದ ಕೂಡಲೆ ಸ್ನಾನಿಕ ಯೊವಾನ್ನರ ನೆನಪು ಬರಬೇಕು. ಜೋರ್ಡಾನ್ ನದಿಯಲ್ಲಿ ಯೇಸುವಿಗೆ ಸ್ನಾನದೀಕ್ಷೆ ಕೊಟ್ಟವರು, ಇವರೇ ಬರಬೇಕಾದವರು ಅಂತ ಬೆರಳು ತೋರಿಸಿದವರು ಅವರೇ. ಅಂಥವರು ಹೆರೋದನ ಸೆರೆಯಲ್ಲಿ ಬಿದ್ದಾಗ, ಬರಬೇಕಾದವರು ನೀವೇ ಹೌದೋ, ಇಲ್ಲ ನಾವು ಬೇರೆಯವರಿಗೆ ಕಾಯಬೇಕೋ ಅಂತ ಶಿಷ್ಯರ ಮೂಲಕ ಕೇಳಿಸಿದರು. ಸಂತ ಮತ್ತಾಯನ ಶುಭಸಂದೇಶದ 11ನೆಯ ಅಧ್ಯಾಯ ತೆರೆದು ಓದಿ. ಯೇಸು ಗದರಲಿಲ್ಲ. ಹೌದು ಅಂತ ಒಂದೇ ಮಾತಿನಲ್ಲಿ ಹೇಳಲೂ ಇಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ನೀವು ಕಂಡದ್ದನ್ನು ಹೋಗಿ ಹೇಳಿ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಬಂದವರು ಹಿಂದೆ ಹೋದ ಮೇಲೆ ಯೇಸು ಜನರ ಎದುರು ಯೊವಾನ್ನರನ್ನು ಬಹಳ ಹೊಗಳಿದರು. ಸಂಶಯ ಕೇಳಿಸಿದ ಅದೇ ದಿನ, ಅದೇ ಜಾಗದಲ್ಲಿ. ಆ ಹೊಗಳಿಕೆ ಯೊವಾನ್ನರ ಕಿವಿಗೆ ಬಿತ್ತೋ ಇಲ್ಲವೋ, ಶುಭಸಂದೇಶದಲ್ಲಿ ಬರೆದಿಲ್ಲ. ಸಂಶಯ ಬಂದವನ ಬಗ್ಗೆ ಪ್ರಭು ಅವನ ಬೆನ್ನ ಹಿಂದೆ ಏನು ಹೇಳುತ್ತಾರೆ ಅಂತ ನಮಗೇನು ಗೊತ್ತು!

ಪೇತ್ರನದ್ದೂ ಹೀಗೆಯೇ. ನೀರಿನ ಮೇಲೆ ನಡೆದು ಬಾ ಅಂದವರು ಯೇಸು, ದೋಣಿಯಿಂದ ಇಳಿದವನು ಪೇತ್ರ. ಗಾಳಿ ನೋಡಿ ಹೆದರಿ ಮುಳುಗಿದ. ಯೇಸು, ಯಾಕೆ ಸಂಶಯಪಟ್ಟೆ ಅಂತ ಕೇಳಿದರು ಅನ್ನುವುದು ಎಲ್ಲರ ನೆನಪಿನಲ್ಲಿ ಉಂಟು. ಆದರೆ ಮೊದಲು ಕೈ ಹಿಡಿದರು, ಆಮೇಲೆ ಕೇಳಿದರು. ದೋಣಿಯಲ್ಲೇ ಕೂತಿದ್ದ ಹನ್ನೊಂದು ಮಂದಿ ಮುಳುಗಲಿಲ್ಲ, ನಿಜ. ಅವರ ಕೈಯನ್ನು ಯೇಸು ಹಿಡಿಯಬೇಕಾಗಿಯೂ ಬರಲಿಲ್ಲ.

ಇಷ್ಟು ಹಳೆಯ ಕಾಲಕ್ಕೆ ಹೋಗಬೇಕೆಂದೇನೂ ಇಲ್ಲ. ಕೋಲ್ಕತ್ತಾದ ಸಂತ ತೆರೇಸಾ ನಮ್ಮ ಕಣ್ಣ ಮುಂದೆ ಬದುಕಿದವರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಬಡವರಲ್ಲಿ ಬಡವರ ಸೇವೆಗೆ ಹೊರಡಬೇಕೆಂಬ ಕರೆ ಅವರಿಗೆ ಸ್ಪಷ್ಟವಾಯಿತು. ಆದರೂ ಮಹಾಧರ್ಮಾಧ್ಯಕ್ಷರು ಕೂಡಲೆ ಒಪ್ಪಲಿಲ್ಲ, ಸುಮಾರು ಎರಡು ವರ್ಷ ಕಾಯಿಸಿದರು. 1948ರ ಆಗಸ್ಟಿನಲ್ಲಿ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಕಾನ್ವೆಂಟಿನಿಂದ ಹೊರಬಂದರು. ಅಲ್ಲಿಂದ ಹೆಚ್ಚು ಕಡಿಮೆ ಸಾಯುವವರೆಗೆ, ಅಂದರೆ 1997ರವರೆಗೆ, ಪ್ರಾರ್ಥನೆಯಲ್ಲಿ ಅವರಿಗೆ ದೇವರು ಹತ್ತಿರ ಇದ್ದಾರೆ ಅನ್ನುವ ಅನುಭವವೇ ಆಗಲಿಲ್ಲ, ನಡುವೆ ಸ್ವಲ್ಪ ಕಾಲ ಬಿಟ್ಟರೆ. ಒಳಗೆ ಕತ್ತಲೆ, ಹೊರಗೆ ಎಲ್ಲರಿಗೂ ಕಾಣುವ ನಗು. ಆತ್ಮಗುರುಗಳಿಗೆ ಮಾತ್ರ ಇದನ್ನು ಪತ್ರಗಳಲ್ಲಿ ಬರೆದರು, ಸುಟ್ಟುಹಾಕಿ ಅಂತಲೂ ಕೇಳಿಕೊಂಡರು. ಸುಡಲಿಲ್ಲ. 2007ರಲ್ಲಿ ಆ ಪತ್ರಗಳು ಪುಸ್ತಕವಾಗಿ ಬಂದಾಗ, ಮದರ್ ತೆರೇಸಾಗೇ ನಂಬಿಕೆ ಇರಲಿಲ್ಲವಂತೆ ಅಂತ ಕೆಲವರು ಬರೆದರು. ಅದು ಓದಿದವರ ತಪ್ಪು. ನಂಬಿಕೆ ಇಲ್ಲದವರು ಬೆಳಿಗ್ಗೆ ಕತ್ತಲೆಯಲ್ಲೇ ಎದ್ದು ಪೂಜೆಗೆ ಕೂತು, ಆ ಮೇಲೆ ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ತರುವುದನ್ನು ಸುಮಾರು 50 ವರ್ಷ ಮಾಡುತ್ತಾರೆಯೇ? 2016ರ ಸೆಪ್ಟೆಂಬರ್ 4ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿದಾಗ ಆ ಪತ್ರಗಳು ಅಡ್ಡ ಬರಲಿಲ್ಲ.

ಹಾಗಂತ ಎಲ್ಲ ಸಂಶಯವೂ ಪವಿತ್ರ, ಎಲ್ಲ ಆಸೆಯೂ ಕರೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮನೆಯಲ್ಲಿ ಮಾತು ಕೇಳಲಾರದೆ ಕಾನ್ವೆಂಟಿಗೆ ಓಡುವವರು ಇದ್ದಾರೆ. ಅತ್ತೆಯ ಜೊತೆ ಹೊಂದದೆ, ದೇವರು ಗಲ್ಫಿಗೆ ಕರೆದರು ಅನ್ನುವವರೂ ಇದ್ದಾರೆ. ಇದನ್ನು ಒಬ್ಬರೇ ಕೂತು ತೀರ್ಮಾನ ಮಾಡುವುದು ಕಷ್ಟ. ಸಂತ ಇಗ್ನೇಷಿಯಸ್ ಲೊಯೊಲಾ ತಮ್ಮ ಅನುಭವದಿಂದ ಒಂದು ನಿಯಮ ಕೊಟ್ಟಿದ್ದಾರೆ. ಮನಸ್ಸು ಕತ್ತಲಾಗಿ, ಪ್ರಾರ್ಥನೆ ರುಚಿಸದೆ ಇರುವ ದಿನಗಳಲ್ಲಿ ಹಿಂದೆ ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಾಯಿಸಬಾರದು ಅನ್ನುವುದು ಅದರ ಸಾರ. ಕತ್ತಲೆ ಇಳಿಯಲಿ, ಆಮೇಲೆ ನೋಡೋಣ. ರಾತ್ರಿ ಹೊತ್ತು ದಾರಿ ತಪ್ಪಿತೋ ಅಂತ ಹೆದರಿದವನು ಕಾಡಿಗೆ ನುಗ್ಗುವುದಿಲ್ಲ, ಬೆಳಗಾಗುವವರೆಗೆ ಇದ್ದಲ್ಲೇ ಇರುತ್ತಾನೆ.

ಇದನ್ನು ಕೇಳಿದಾಗ ಆ ಹುಡುಗ ಮೊದಲ ಸಲ ಬಾಯಿ ತೆರೆದ. ಹಾಗಾದರೆ ನಾನು ಬಿಟ್ಟು ಬಂದದ್ದು ತಪ್ಪಾ ಫಾದರ್ ಅಂದ. ತಾಯಿ ಗುರುಗಳ ಮುಖ ನೋಡಿದಳು, ಹೌದು ಅನ್ನಲಿ ಅಂತ. ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಜೋಸೆಫ್ ವಾಜರು ಕೆನರಾದಿಂದ ಹಿಂತಿರುಗಿದ್ದು ತಪ್ಪೋ ಸರಿಯೋ ಅಂತ ಆ ದಿನ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಅಂದರು. ಆಮೇಲೆ ತಾಯಿಯ ಕಡೆ ತಿರುಗಿ, ಅಮ್ಮ, ನಿಮ್ಮ ಮಗ ಬೆಳಿಗ್ಗೆ ಪ್ರಾರ್ಥನೆ ಬಿಟ್ಟಿದ್ದಾನಾ ಅಂತ ಕೇಳಿದರು. ಇಲ್ಲ ಸ್ವಾಮಿ, ಅದೊಂದು ಬಿಟ್ಟಿಲ್ಲ ಅಂದಳು. ಹಾಗಾದರೆ ದೇವರು ಮತ್ತು ಅವನ ನಡುವೆ ಮಾತು ನಿಂತಿಲ್ಲ, ನೀವು ನಡುವೆ ಹೋಗಬೇಡಿ ಅಂದರು. ತಾಯಿಗೆ ಸಿಟ್ಟು ಬಂತು, ಅದು ಮುಖದಲ್ಲಿ ಕಾಣುತ್ತಿತ್ತು. ಆದರೂ ಸೆರಗಿನಿಂದ ಕಣ್ಣೊರಸಿಕೊಂಡು ಮಗನ ಕೈ ಹಿಡಿದುಕೊಂಡಳು.

ಅಬ್ರಹಾಮ ಕರೆ ಕೇಳಿ ಹಾರಾನಿನಿಂದ ಹೊರಟಾಗ 75 ವರ್ಷ, ಈಸಾಕ ಹುಟ್ಟಿದಾಗ 100 ವರ್ಷ ಅಂತ ಆದಿಕಾಂಡದಲ್ಲಿ ಉಂಟು. ನಡುವಿನ 25 ವರ್ಷದಲ್ಲಿ ಅವನು ಸುಳ್ಳು ಹೇಳಿದ, ಅಡ್ಡದಾರಿ ಹಿಡಿದ, ದೇವರ ಮಾತು ಕೇಳಿ ನಕ್ಕೂ ಬಿಟ್ಟ. ಆದರೂ ಡೇರೆ ಕಿತ್ತು ಊರಿಗೆ ವಾಪಸ್ಸು ಹೋಗಲಿಲ್ಲ. ವಿಶ್ವಾಸಿಗಳ ತಂದೆ ಅಂತ ನಾವು ಕರೆಯುವುದು ಅವನನ್ನೇ.

ಜೋಸೆಫ್ ವಾಜರು ಗೋವಾಕ್ಕೆ ಮತ್ತೆಂದೂ ಹಿಂತಿರುಗಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು, 59 ವರ್ಷ. ಅಲ್ಲಿಯೇ ಮಣ್ಣು ಮಾಡಿದರು. ಮುಂದೆ ಆ ರಾಜ್ಯದಲ್ಲಿ ಕಥೋಲಿಕರಿಗೆ ಮತ್ತೆ ಕೆಟ್ಟ ಕಾಲ ಬಂತು, ಸಮಾಧಿ ಎಲ್ಲಿ ಉಂಟೆಂಬುದೇ ತಿಳಿಯದೆ ಹೋಯಿತು. ಇವತ್ತಿಗೂ ತಿಳಿದಿಲ್ಲ. ಅವರ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಬೇಕೆಂದು ಹೋದರೆ ಇದೇ ಜಾಗ ಅಂತ ಬೆರಳು ತೋರಿಸುವವರಿಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೋದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಕೊಲಂಬೋದ ಕಡಲ ಬದಿಯ ಬಯಲಿನಲ್ಲಿ ಸಂತರೆಂದು ಘೋಷಿಸಿದರು. ಸಾಮಾನ್ಯವಾಗಿ ಬೇಕಾದ ಎರಡನೆಯ ಪವಾಡಕ್ಕೆ ಫ್ರಾನ್ಸಿಸರು ಕಾಯಲಿಲ್ಲ. ಸತ್ತು 304 ವರ್ಷ ಆಗಿತ್ತು. ಬದುಕಿದ್ದಾಗಲೂ ಕಾದವರು, ಸತ್ತ ಮೇಲೂ ಕಾದವರು.

ಆ ಹುಡುಗ ಈಗ ತನ್ನ ಊರಿನ ಹತ್ತಿರ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಸೆಮಿನರಿಗೆ ತಿರುಗಿ ಹೋಗಿಲ್ಲ, ಮದುವೆಗೂ ಒಪ್ಪಿಲ್ಲ. ವಾರ್ಷಿಕ ಹಬ್ಬದ ಹಿಂದಿನ ದಿನ ತಾಯಿಯ ಜೊತೆ ಬಂದು ಕುರ್ಚಿ ಜೋಡಿಸುವವರೊಡನೆ ಸೇರಿಕೊಳ್ಳುತ್ತಾನೆ, ಪೂಜೆಗೆ ಬಂದ ಮುದುಕರನ್ನು ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಹೋದ ಸಲ ತಾಯಿ ಹಬ್ಬದ ಬಲಿಪೂಜೆಗೆ ಕೋರಿಕೆ ಬರೆಸಲು ಕಿಟಕಿಯ ಹತ್ತಿರ ಬಂದಳು. ಏನಂತ ಬರೆಯುವುದು ಅಂತ ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿದಳು. ಮಗನ ಹೆಸರು ಮಾತ್ರ ಬರೆಯಿರಿ, ಉಳಿದದ್ದು ದೇವರಿಗೆ ಗೊತ್ತುಂಟು ಅಂದಳು. ರಸೀದಿ ಮಡಚಿ ಸೆರಗಿಗೆ ಗಂಟು ಹಾಕಿಕೊಂಡು, ಮಗ ಎಲ್ಲಿ ಅಂತ ನೋಡುತ್ತಾ ಮೆಟ್ಟಿಲ ಕಡೆ ಹೋದಳು.